ಟನ್ನಿಗೆ ಮೂರು ಗ್ರಾಂ: ಹಟ್ಟಿಯ ಗಣಿ, ಹಟ್ಟಿಯ ಜನ

(ರಾಯಚೂರು ಜಿಲ್ಲೆಯ ಊರುಗಳನ್ನು ಕುರಿತ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇವೆ, ಲೆಕ್ಕಗಳನ್ನು ಇನ್ನೊಮ್ಮೆ ನೋಡಿ ಇಟ್ಟಿದ್ದೇವೆ.)

ಎಲ್ಲರಿಗೂ ಶರಣು.

ಹಟ್ಟಿ ಅಂದಕೂಡಲೇ ಹೊರಗಿನವರು ಕೇಳುವ ಮೊದಲ ಪ್ರಶ್ನೆ, “ಅಲ್ಲಿ ಕಲ್ಲಾಗ ಬಂಗಾರ ಕಾಣ್ತದೇನ್ರಿ?” ಕಾಣುವುದಿಲ್ಲ. ಮೂವತ್ತು ವರ್ಷ ಭೂಕೆಳಮೈಯಲ್ಲಿ ದುಡಿದು ನಿವೃತ್ತರಾದವರಲ್ಲಿ ಎಷ್ಟೋ ಮಂದಿ ತಾವು ಒಡೆದ ಕಲ್ಲಿನಲ್ಲಿ ಬಂಗಾರದ ಒಂದು ಕಣವನ್ನೂ ಬರಿಗಣ್ಣಿಂದ ಕಂಡವರಲ್ಲ. ಅವರು ಕಂಡದ್ದು ಕಪ್ಪುಹಸಿರು ಕಲ್ಲು, ಅದರ ನಡುವೆ ಬೂದುಬಿಳಿ ಬೆಣಚಿನ ಪಟ್ಟಿ, ಆ ಪಟ್ಟಿಯ ಅಂಚಿಗೆ ಹಿತ್ತಾಳೆಯ ಪುಡಿ ಉದುರಿಸಿದಂತೆ ಮಿಣುಕುವ ಪೈರೈಟ್ ಎಂಬ ಗಂಧಕದ ಖನಿಜ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಈ ಪೈರೈಟನ್ನೇ ಜೇಬಿಗೆ ಹಾಕಿಕೊಂಡು ಹಳಬರ ಬಾಯಿಗೆ ಸಿಗುವುದು ಗಣಿ ಇರುವ ಕಡೆಯೆಲ್ಲ ನಡೆಯುವಂಥದ್ದು.

ಆದ್ದರಿಂದ ಮೊದಲು ಒಂದು ಲೆಕ್ಕ. ಒಂದು ಟನ್ ಅದಿರಿನಲ್ಲಿ 3 ಗ್ರಾಂ ಬಂಗಾರ ಎಂದು ಹಿಡಿಯೋಣ. ಗಿರಣಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಕೈಗೆ ಬಂದರೆ ಟನ್ನಿಗೆ 2.7 ಗ್ರಾಂ. ನಮ್ಮ ಸರಾಫರು ಈಗ ತೊಲ ಎನ್ನುವುದು 10 ಗ್ರಾಮಿಗೆ. ಅಂದರೆ ಒಂದು ತೊಲಕ್ಕೆ 3.7 ಟನ್ ಕಲ್ಲು, ಟ್ರ್ಯಾಕ್ಟರ್ ಟ್ರೇಲರ್ ಒಂದು ತುಂಬ. ಮಗಳ ಮದುವೆಗೆ ಎರಡು ತೊಲದ ಬೋರಮಾಳ ಮಾಡಿಸಿದರೆ ಎರಡು ಟ್ರೇಲರ್ ಕಲ್ಲು ನೂರಾರು ಅಡಿ ಆಳದಿಂದ ಮೇಲೆ ಬಂದು, ತಲೆಗೂದಲಿನ ದಪ್ಪಕ್ಕೆ ಪುಡಿಯಾಗಿ, ಕೆಸರಾಗಿ, ಕೊನೆಗೆ ಊರಾಚೆ ಬೂದಿ ಬಣ್ಣದ ದಿಬ್ಬವಾಗಿ ಬಿದ್ದಿದೆ ಎಂದು ಅರ್ಥ.

ಹಟ್ಟಿಯ ವರ್ಷದ ಉತ್ಪಾದನೆ ಒಂದೂವರೆ ಟನ್ನಿನ ಆಸುಪಾಸು. ಬಂಗಾರ ನೀರಿಗಿಂತ 19.3 ಪಟ್ಟು ಭಾರ. ಹಾಗಾಗಿ ಅಷ್ಟನ್ನೂ ಕರಗಿಸಿ ಒಂದೇ ಅಚ್ಚಿಗೆ ಹೊಯ್ದರೆ 43 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ಹದಿನೈದು ಕಿಲೋ ಎಣ್ಣೆ ಡಬ್ಬಿ ನಾಲ್ಕೈದು ಜೋಡಿಸಿಟ್ಟಷ್ಟು ಜಾಗ. ಇಷ್ಟಕ್ಕೆ ಮೇಲಿನ ಲೆಕ್ಕದ ಪ್ರಕಾರ ಐದೂವರೆ ಲಕ್ಷ ಟನ್ ಕಲ್ಲು ಬೇಕು. ಈ ಊರಿನ ಚರಿತ್ರೆಯಾಗಲಿ ಜನರ ನಡೆನುಡಿಯಾಗಲಿ ತಿಳಿಯಬೇಕಾದರೆ ಬಂಗಾರ ಎನ್ನುವ ಮಾತನ್ನು ಬದಿಗಿಟ್ಟು ಈ ಎಣಿಕೆಯನ್ನು ಹಿಡಿಯಬೇಕು ಎನ್ನುವುದು ನಮ್ಮ ವಾದ. (ಅಂದಹಾಗೆ, ಬೋರ್ಡಿನ ಮೇಲೆ ‘ಚಿನ್ನದ ಗಣಿ’, ಜನರ ಬಾಯಲ್ಲಿ ‘ಬಂಗಾರ’. ನಾವೂ ಎರಡನ್ನೂ ಬಳಸುತ್ತೇವೆ.)

ಹಟ್ಟಿ ಇರುವುದು ಲಿಂಗಸುಗೂರು ತಾಲೂಕಿನಲ್ಲಿ. ಸುತ್ತ ಎರೆಹೊಲ, ಕೆಂಪು ಮಸಾರಿ, ಜೋಳ, ಸಜ್ಜೆ, ತೊಗರಿ. ಮಳೆ ನೆಚ್ಚುವಂಥದ್ದಲ್ಲ. ಹೊಲದ ನಡುವೆ ದೂರಕ್ಕೇ ಕಾಣುವುದು ಶಾಫ್ಟಿನ (ಗಣಿಗೆ ಇಳಿಯುವ ನೆಟ್ಟನೆ ಬಾವಿಯ) ಮೇಲಿನ ಹೆಡ್‌ಗೇರ್, ಅಂದರೆ ಹಗ್ಗ ಹಾಯುವ ದೊಡ್ಡ ಗಾಲಿಗಳನ್ನು ಹೊತ್ತ ಕಬ್ಬಿಣದ ಗೋಪುರ. ಕೆಳಗಿರುವ ಕಲ್ಲಿಗೆ ಭೂವಿಜ್ಞಾನಿಗಳು ಕೊಟ್ಟ ಹೆಸರು ಹಟ್ಟಿ-ಮಸ್ಕಿ ಪಟ್ಟಿ. 250 ಕೋಟಿ ವರ್ಷಕ್ಕೂ ಹಿಂದೆ ಲಾವಾ ಆಗಿ ಹರಿದು ಗಟ್ಟಿಯಾಗಿ, ಆಮೇಲೆ ಒತ್ತಡ-ಬಿಸಿಗೆ ಸಿಕ್ಕು ರೂಪ ಬದಲಿಸಿದ ಕಲ್ಲು, ಸುತ್ತಲೂ ಗ್ರಾನೈಟು. ಆ ಕಲ್ಲು ಸೀಳಿದಲ್ಲಿ ಬಿಸಿನೀರಿನೊಡನೆ ಬಂದು ಕೂತದ್ದು ಬೆಣಚು, ಗಂಧಕದ ಖನಿಜಗಳು, ಅವುಗಳ ಜೊತೆ ಬಂಗಾರ. ಇಂಥ ಸೀಳುಗಳು ಹಟ್ಟಿಯಲ್ಲಿ ಒಂದರ ಪಕ್ಕ ಒಂದು ಸಮಾನಾಂತರವಾಗಿ ಉತ್ತರ-ದಕ್ಷಿಣಕ್ಕೆ ಹೆಚ್ಚುಕಮ್ಮಿ ನೆಟ್ಟಗೆ ಹೋಗಿವೆ. ಓಕ್ಲೀಸ್ ರೀಫ್, ಮೇನ್ ರೀಫ್, ಸ್ಟ್ರೈಕ್ ರೀಫ್, ವಿಲೇಜ್ ರೀಫ್ ಎಂದೆಲ್ಲ ಅವಕ್ಕೆ ಹೆಸರು. ನೆಲಕ್ಕೆ ಮಲಗಿದ ಪದರವಲ್ಲ, ಗೋಡೆಗೆ ಒರಗಿಸಿಟ್ಟ ಹಲಗೆಯಂತೆ ಕಡಿದಾಗಿ ಪಡುವಣಕ್ಕೆ ಇಳಿಜಾರಾಗಿ ಆಳಕ್ಕೆ ಹೋಗುವ ಪಟ್ಟಿ. ಅಗಲ ಒಂದೆರಡು ಮೀಟರಿನಿಂದ ಕೆಲವು ಮೀಟರ್. ನೆಲದ ಮೇಲೆ ಊರು ಹರಡಿದಂತೆ ಕಂಡರೂ ಇಲ್ಲಿಯ ಕೆಲಸ ಯಾವತ್ತೂ ಕೆಳಕ್ಕೇ ಹೋಗುವಂಥದ್ದು.

ಇದನ್ನು ಮೊದಲು ಕಂಡುಕೊಂಡವರು ಕಂಪನಿಯವರಲ್ಲ, ನಿಜಾಮರೂ ಅಲ್ಲ. ಹಟ್ಟಿಯ ಹಳೆಯ ಗುಂಡಿಗಳು 640 ಅಡಿ ಆಳದವರೆಗೆ ಇಳಿದಿದ್ದವು. ಹಳೆಯ ಗಣಿಯೊಳಗೆ ಸಿಕ್ಕ ಮರದ ತುಂಡುಗಳನ್ನು ಇಂಗಾಲದ ಕಾಲನಿರ್ಣಯಕ್ಕೆ ಕಳಿಸಿದಾಗ ಬಂದ ಉತ್ತರ ಸುಮಾರು 1,900 ವರ್ಷ. ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1962ರಲ್ಲಿ ಇದನ್ನು ಬರೆದಾಗ ಪ್ರಾಚೀನ ಕಾಲದಲ್ಲಿ ಇಷ್ಟು ಆಳದ ಗಣಿಗಾರಿಕೆ ನಡೆದಿತ್ತೇ ಎಂದು ಹೊರಗಿನ ವಿದ್ವಾಂಸರು ತಿರುಗಿ ನೋಡಿದರು. ಸಾತವಾಹನರ ಕಾಲವದು. ಡೈನಮೈಟ್ ಇಲ್ಲ, ಪಂಪಿಲ್ಲ, ವಿದ್ಯುತ್ತಿಲ್ಲ. ಹೇಗೆ ಇಳಿದರು?

ಬೆಂಕಿಯಿಂದ. ಕಲ್ಲಿನ ಮುಖಕ್ಕೆ ಒಣಗಿದ ಕಟ್ಟಿಗೆ ಒಟ್ಟಿ ಹಚ್ಚುವುದು. ಬೆಣಚುಕಲ್ಲು ಕಾದಾಗ ಹಿಗ್ಗುತ್ತದೆ. ಪಕ್ಕದ ಕಪ್ಪುಕಲ್ಲು ಅದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಆ ಎಳೆದಾಟಕ್ಕೇ ಕಲ್ಲು ಬಿರಿಯುತ್ತದೆ. ಮೇಲೆ ನೀರು ಎರಚಿದರೆ ಇನ್ನಷ್ಟು. ಆಮೇಲೆ ಕಬ್ಬಿಣದ ಉಳಿ, ಸುತ್ತಿಗೆಯಿಂದ ಹಕ್ಕಳೆ ಎಬ್ಬಿಸುವುದು. ಹೀಗೆ ಮಾಡಿದ ಗುಂಡಿಯ ಗೋಡೆ ಚೂಪಾಗಿ ಮುರಿದಿರುವುದಿಲ್ಲ, ಉಂಡೆಯಾಗಿ ನುಣ್ಣಗಿರುತ್ತದೆ. ಮಸಿ, ಬೂದಿ ಉಳಿದಿರುತ್ತದೆ. ಆಳದಲ್ಲಿ ಬೆಂಕಿ ಹಚ್ಚಿದರೆ ಹೊಗೆ ಹೋಗುವುದೆಲ್ಲಿಗೆ? ಉರಿಯುವಷ್ಟು ಹೊತ್ತು ಒಳಗೆ ಯಾರೂ ಇರುವಂತಿಲ್ಲ. ಹಾಗಾಗಿ ಕೆಲಸ ಸಾಗುತ್ತಿದ್ದುದು ದಿನಕ್ಕೆ ಬೆರಳೆಣಿಕೆಯ ಅಂಗುಲಗಳಲ್ಲಿ. ಅದಕ್ಕೇ ಅವರು ಬೆಣಚಿನ ಪಟ್ಟಿ ಎಷ್ಟು ಅಗಲವೋ ಅಷ್ಟನ್ನೇ ತೆಗೆದರು, ಒಬ್ಬ ಮನುಷ್ಯ ಓರೆಯಾಗಿ ತೂರುವಷ್ಟು ಸಂದಿ ಮಾತ್ರ. ಪಕ್ಕದ ಹುಸಿಕಲ್ಲು, ಅಂದರೆ ಬಂಗಾರವಿಲ್ಲದ ಕಲ್ಲು, ಒಡೆದರೆ ಕಟ್ಟಿಗೆ ದಂಡ. ಈ ಜಿಪುಣತನವನ್ನು ನೆನಪಿಟ್ಟುಕೊಳ್ಳಿ, ಇವತ್ತಿನ ಗಣಿಗೂ ಅದೇ ಪಾಠ ಬರುತ್ತದೆ.

ಮೇಲೆ ತಂದ ಕಲ್ಲನ್ನು ಕುಟ್ಟಿದ್ದಕ್ಕೆ ಗುರುತು ಬಂಡೆಗಳ ಮೇಲಿವೆ: ನಮ್ಮ ಹಿತ್ತಲ ಒರಳಿನಂಥ ಬಟ್ಟಲು ಗುಳಿಗಳು. ಕುಟ್ಟಿ, ಅರೆದು, ಮರಿಗೆಯಲ್ಲಿ ನೀರು ಹಾಕಿ ಆಡಿಸಿದರೆ ಹಗುರ ಮಣ್ಣು ತೇಲಿಹೋಗುತ್ತದೆ, ಬಂಗಾರ ತಳಕ್ಕೆ ಕೂರುತ್ತದೆ. ಉತ್ತರ ಕರ್ನಾಟಕದಲ್ಲಿ ಹಳ್ಳದ ಮರಳು ತೊಳೆದು ಬಂಗಾರ ತೆಗೆಯುತ್ತಿದ್ದ ಜಾಲಗಾರರದ್ದೂ ಇದೇ ವಿದ್ಯೆ.

ಅವರು ನಿಂತದ್ದೇಕೆ? ಒಂದು, ನೀರು. ಒಸರುವ ನೀರನ್ನು ಕೊಡದಲ್ಲಿ ತುಂಬಿ ಕೈಯಿಂದ ಕೈಗೆ ಮೇಲೇರಿಸಬೇಕು. ಒಂದು ಆಳ ದಾಟಿದರೆ ಬರುವ ನೀರು ಎತ್ತುವ ಕೈಗಳನ್ನು ಮೀರುತ್ತದೆ. ಎರಡು, ಉಸಿರು. ಮೂರನೆಯದು ಯಾರೂ ಅಷ್ಟಾಗಿ ಹೇಳದ ಕಾರಣ. ನೆಲದ ಹತ್ತಿರದ ಅದಿರು ಗಾಳಿ-ನೀರಿಗೆ ತುಕ್ಕು ಹಿಡಿದು, ಗಂಧಕ ಕರಗಿಹೋಗಿ, ಬಂಗಾರ ಬಿಡಿಯಾಗಿ ಉಳಿದಿರುತ್ತದೆ. ತೊಳೆದರೆ ಸಿಗುತ್ತದೆ. ಆಳದಲ್ಲಿ ತುಕ್ಕು ಹಿಡಿಯದ ಅದಿರಿನಲ್ಲಿ ಒಂದಷ್ಟು ಬಂಗಾರ ಪೈರೈಟ್, ಆರ್ಸೆನೊಪೈರೈಟ್ ಹರಳುಗಳ ಒಳಗೇ ಸಿಕ್ಕಿಕೊಂಡಿರುತ್ತದೆ. ಅದನ್ನು ಎಷ್ಟು ತೊಳೆದರೂ ಮರಿಗೆಯಲ್ಲಿ ನಿಲ್ಲುವುದಿಲ್ಲ. ಕೆಳಗಿಳಿದಂತೆ ಕಟ್ಟಿಗೆ ಹೆಚ್ಚು, ನೀರು ಹೆಚ್ಚು, ಕೈಗೆ ಬರುವುದು ಕಮ್ಮಿ.

ಮಸ್ಕಿಯ ಅಶೋಕ ಶಾಸನದ ಮಾತು ಇಲ್ಲಿ ಬರಲೇಬೇಕು. 1915ರಲ್ಲಿ ಅದನ್ನು ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಇತ್ತು. ಆ ರಾಜನೇ ಅಶೋಕ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಆಮೇಲೆ ಬಳ್ಳಾರಿ ಕಡೆಯ ನಿಟ್ಟೂರು, ಉದೇಗೋಳಗಳಲ್ಲೂ ಹೆಸರು ಸಿಕ್ಕಿತು. ಮೌರ್ಯರ ದಕ್ಷಿಣದ ಠಾಣ್ಯ ಸುವರ್ಣಗಿರಿ ಮಸ್ಕಿಯೋ ಕೊಪ್ಪಳ ಜಿಲ್ಲೆಯ ಕನಕಗಿರಿಯೋ ಎನ್ನುವ ಜಗಳ ಇನ್ನೂ ಮುಗಿದಿಲ್ಲ. ನಾವು ಅದರಲ್ಲಿ ಪಕ್ಷ ವಹಿಸುವುದಿಲ್ಲ. ಬಂಗಾರದ ಕಲ್ಲು ಹುಡುಕಿಕೊಂಡು ಬಂದ ಎಂಜಿನಿಯರಿಗೇ ಆ ಶಾಸನ ಸಿಕ್ಕಿತು ಎನ್ನುವುದೇ ಸಾಕಷ್ಟು ಹೇಳುತ್ತದೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಕೋಲಾರದಲ್ಲಿ ಬಂಗಾರ ಬಂತೆಂದು ಸುದ್ದಿಯಾದ ಮೇಲೆ ನಿಜಾಮ ಸಂಸ್ಥಾನದಲ್ಲೂ ಹುಡುಕಾಟ ಜೋರಾಯಿತು. ಬಂದವರು ಹೊಸ ಜಾಗ ಹುಡುಕಲಿಲ್ಲ. ಹಳೆಯ ಗುಂಡಿಗಳ ಸಾಲನ್ನೇ ಹಿಂಬಾಲಿಸಿದರು. ಇಪ್ಪತ್ತನೇ ಶತಮಾನದ ಮೊದಲ ಎರಡು ದಶಕ ಬ್ರಿಟಿಷ್ ಬಂಡವಾಳದ ಕಂಪನಿ ಹಟ್ಟಿಯಲ್ಲಿ ಗಣಿ ನಡೆಸಿ ಬಿಟ್ಟುಹೋಯಿತು. 1947ರಲ್ಲಿ ನಿಜಾಮ ಸರ್ಕಾರದ ಕಾಲದಲ್ಲೇ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಸಂಸ್ಥಾನವೇ ಭಾರತಕ್ಕೆ ಸೇರಿತು. 1956ರ ರಾಜ್ಯ ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಕಂಪನಿಯ ಹೆಸರು ಹಟ್ಟಿ ಚಿನ್ನದ ಗಣಿ ಕಂಪನಿ ಎಂದಾಯಿತು. ಇವತ್ತು ಅದು ಕರ್ನಾಟಕ ಸರ್ಕಾರದ ಉದ್ಯಮ.

ಕೋಲಾರದ ಜೊತೆ ಹೋಲಿಸದೆ ಹಟ್ಟಿಯ ಮಾತು ಯಾರೂ ಮುಗಿಸುವುದಿಲ್ಲ. ಆ ಹೋಲಿಕೆ ಅರ್ಧ ಮಾತ್ರ ಸರಿ. ಕೆಜಿಎಫ್ ಬ್ರಿಟಿಷರು ಕಟ್ಟಿದ ಊರು. ಕೆಲಸದವರು ಬಹುಪಾಲು ತಮಿಳು ಜಿಲ್ಲೆಗಳಿಂದ ಬಂದವರು. ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದು, ಸೆಕೆ, ಕಲ್ಲು ತಾನೇ ಸಿಡಿಯುವ ಅಪಾಯ, ಖರ್ಚು ಎಲ್ಲ ಸೇರಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಹಟ್ಟಿ ಅಷ್ಟು ಆಳಕ್ಕೆ ಹೋಗಿಲ್ಲ, ಒಂದು ಕಿಲೋಮೀಟರಿನ ಸುತ್ತಮುತ್ತಲೇ ಇದೆ. ಕೆಲಸಗಾರರಲ್ಲಿ ಬಹಳ ಮಂದಿ ಸುತ್ತಲಿನ ಹಳ್ಳಿ, ತಾಂಡಾಗಳವರು. ಒಂದು ಕಾಲು ಶಾಫ್ಟಿನಲ್ಲಿ, ಇನ್ನೊಂದು ಕಾಲು ತೊಗರಿ ಹೊಲದಲ್ಲಿ. ನಮ್ಮ ದೃಷ್ಟಿಯಲ್ಲಿ ಹಟ್ಟಿಯ ಗುಣವನ್ನು ತೀರ್ಮಾನಿಸಿದ್ದು ಇದೇ: ಇದು ಬೇರು ಕಿತ್ತು ಬಂದವರ ಊರಲ್ಲ, ರೈತಾಪಿ ಮನೆಯಿಂದ ಒಬ್ಬೊಬ್ಬರು ಕೆಳಗಿಳಿದ ಊರು.

ಇನ್ನು ಕೆಳಗಿಳಿಯೋಣ.

ಮಲ್ಲಪ್ಪ ಶಾಫ್ಟ್, ಸೆಂಟ್ರಲ್ ಶಾಫ್ಟ್, ವಿಲೇಜ್ ಶಾಫ್ಟ್, ಇವು ಜನರ ಬಾಯಲ್ಲಿ ಬಸ್‌ಸ್ಟ್ಯಾಂಡಿನ ಹೆಸರಿನಷ್ಟು ಸಲೀಸು. ಇಳಿಯುವ ಮುಂಚೆ ಟೋಕನ್, ಕ್ಯಾಪ್ ಲ್ಯಾಂಪ್, ಹೆಲ್ಮೆಟ್, ಬೂಟು. ಕೇಜ್ ಎನ್ನುವುದು ಕಬ್ಬಿಣದ ಪಂಜರ. ಎಳೆಯುವುದು ವೈಂಡರ್ ಯಂತ್ರ. ಓಡಿಸುವವನಿಗೆ ಕೇಜಿನಲ್ಲಿರುವವರ ಮುಖ ಕಾಣುವುದಿಲ್ಲ. ಅವನಿಗೆ ಕೇಳುವುದು ಗಂಟೆ ಮಾತ್ರ. ನಿಂತಿರುವಾಗ ಒಂದು ಗಂಟೆ ಅಂದರೆ ಮೇಲಕ್ಕೆ, ಚಲಿಸುತ್ತಿರುವಾಗ ಒಂದು ಅಂದರೆ ನಿಲ್ಲಿಸು, ಎರಡು ಅಂದರೆ ಕೆಳಕ್ಕೆ, ಮೂರು ಅಂದರೆ ಜನ ಹತ್ತುತ್ತಿದ್ದಾರೆ. ಮೂರಕ್ಕೆ ಮೂರು ಮರುಗಂಟೆ ಬಂದ ಮೇಲೇ ಜನ ಹತ್ತಬೇಕು. ಹಗ್ಗದ ಕೊನೆ, ಕೇಜನ್ನು ಹಿಡಿದಿರುವ ತುದಿ, ಬೇಗ ಸವೆಯುತ್ತದೆ; ಆರು ತಿಂಗಳೊಳಗೆ ಆ ತುಂಡು ಕತ್ತರಿಸಿ ತೆಗೆದು ಹೊಸದಾಗಿ ಬಿಗಿಯಬೇಕು. ಕತ್ತರಿಸಿದ ತುಂಡಿನ ಎಳೆ ಬಿಚ್ಚಿ ನೋಡಿದರೆ ಹೊರಗೆ ಗ್ರೀಸಿನಿಂದ ಮಿರಮಿರ ಮಿಂಚುವ ಹಗ್ಗ ಒಳಗೆ ತುಕ್ಕು ತಿಂದಿದೆಯೇ ಎನ್ನುವುದು ಗೊತ್ತಾಗುತ್ತದೆ.

ಸುಮಾರು 100 ಅಡಿಗೊಂದು ಲೆವೆಲ್. ಪ್ರತಿ ಲೆವೆಲಿನಲ್ಲೂ ಅದಿರಿನ ಪಟ್ಟಿಯ ಉದ್ದಕ್ಕೂ ಸುರಂಗ. ಎರಡು ಲೆವೆಲ್‌ಗಳ ನಡುವಿನ ಅದಿರನ್ನು ತೆಗೆಯುವ ಜಾಗಕ್ಕೆ ಸ್ಟೋಪ್ ಎನ್ನುತ್ತಾರೆ. ಕೆಲಸದ ಒಂದು ಸುತ್ತನ್ನು ಹತ್ತಿರದಿಂದ ನೋಡೋಣ.

ಮೊದಲು ಕಲ್ಲಿನ ‘ಡ್ರೆಸ್ಸಿಂಗ್’. ಹಿಂದಿನ ಪಾಳಿಯ ಬ್ಲಾಸ್ಟಿನಿಂದ ತಲೆಯ ಮೇಲೆ ಸಡಿಲವಾಗಿ ನೇತಾಡುವ ಕಲ್ಲನ್ನು ಉದ್ದನೆ ಹಾರೆಯಿಂದ ಕೆಡವುವುದು. ಹಾರೆಯ ತುದಿಯಿಂದ ತಟ್ಟಿದಾಗ ‘ಠಣ್’ ಎಂದರೆ ಕಲ್ಲು ಗಟ್ಟಿ. ಒಡೆದ ಗಡಿಗೆಯಂತೆ ‘ಬದ್’ ಎಂದರೆ ಹಿಂದೆ ಬಿರುಕಿದೆ. ನಿಲ್ಲುವುದು ಯಾವಾಗಲೂ ಗಟ್ಟಿ ಕಲ್ಲಿನ ಕೆಳಗೆ, ಕೆಡವುವುದು ಮುಂದಿನದನ್ನು. ಬಂದ ದಾರಿ ಬೆನ್ನ ಹಿಂದೆ ತೆರವಾಗಿರಬೇಕು. ಆತುರಕ್ಕೆ ಡ್ರಿಲ್ ಸದ್ದಿನ ನಡುವೆಯೇ ತಟ್ಟಿ ನೋಡುವವರು ಈ ‘ಬದ್’ ಸದ್ದನ್ನು ಕೇಳುವುದಿಲ್ಲ. ಭೂಕೆಳಮೈಯ ಅಪಘಾತಗಳಲ್ಲಿ ಕಲ್ಲು ಬೀಳುವುದು ಹಳೆಯ ಶತ್ರು. ಬಹುಪಾಲು ಸಲ ಬೀಳುವುದು ದೊಡ್ಡ ಬಂಡೆಯಲ್ಲ, ಎರಡು ಕೈಯಲ್ಲಿ ಎತ್ತಬಹುದಾದ ಹಕ್ಕಳೆ.

ಆಮೇಲೆ ತೂತು ಕೊರೆಯುವುದು. ಗಾಳಿಯ ಒತ್ತಡದಲ್ಲಿ ನಡೆಯುವ ಜಾಕ್‌ಹ್ಯಾಮರಿಗೆ ಕಾಲಿನಂಥ ಊರುಗೋಲು. ತೂತು 32-34 ಮಿಲಿಮೀಟರ್ ಅಗಲ, ಒಂದೂವರೆ ಮೀಟರಿಗೆ ಮೇಲ್ಪಟ್ಟ ಆಳ. ಎಂಟು ಅಡಿ ಅಗಲ ಎಂಟು ಅಡಿ ಎತ್ತರದ ಮುಖಕ್ಕೆ ಸುಮಾರು ಮೂವತ್ತು ತೂತು. ಕೊರೆಯುವಾಗ ರಾಡಿನ ಒಳಗಿಂದ ನೀರು ಹೋಗುತ್ತಿರಲೇಬೇಕು. ಬೆಣಚಿನ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗಲೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ಅಲ್ಲಿ ಕೂತದ್ದು ವಾಪಸು ಬರುವುದಿಲ್ಲ. ಅದರಿಂದ ಬರುವ ರೋಗವಾದ ಸಿಲಿಕೋಸಿಸ್‌ಗೆ ಔಷಧಿಯಿಲ್ಲ. ನೀರು ಹಾಕಿದರೆ ಮೈಯೆಲ್ಲ ಕೆಸರು, ಕೈ ಜೋಮು, ಕೆಲಸ ನಿಧಾನ. ಅದಕ್ಕೇ ಹಿಂದಿನ ತಲೆಮಾರು ಕೆಲವೊಮ್ಮೆ ನೀರಿನ ವಾಲ್ವ್ ತಿರುಗಿಸಿ ಬಂದ್ ಮಾಡುತ್ತಿತ್ತು. ಅದರ ಲೆಕ್ಕ ಇಪ್ಪತ್ತು ವರ್ಷ ಬಿಟ್ಟು ಎಕ್ಸ್‌ರೇ ಹಾಳೆಯಲ್ಲಿ ಬರುತ್ತದೆ.

ಮೂವತ್ತು ತೂತೂ ಒಟ್ಟಿಗೆ ಸಿಡಿದರೆ ಪ್ರಯೋಜನವಿಲ್ಲ. ಸುತ್ತ ಕಲ್ಲೇ ಇರುವಾಗ ಒಡೆದ ಕಲ್ಲು ಸರಿಯುವುದೆಲ್ಲಿಗೆ? ಹಾಗಾಗಿ ನಡುವೆ ಒಂದೆರಡು ತೂತಿಗೆ ಮದ್ದು ತುಂಬದೆ ಖಾಲಿ ಬಿಡುತ್ತಾರೆ. ಅವುಗಳ ಒತ್ತಿಗಿರುವ ತೂತು ಮೊದಲು ಸಿಡಿದು ನಡುವೆ ಒಂದು ಬಾವಿ ತೆರೆಯುತ್ತದೆ. ಆಮೇಲೆ ಅದರ ಸುತ್ತಿನದು, ಆಮೇಲೆ ಅಂಚಿನದು, ಕಟ್ಟಕಡೆಗೆ ನೆಲದ ಸಾಲು. ನೆಲದ ಸಾಲು ಕೊನೆಗೆ ಸಿಡಿಯುವುದರಿಂದ ಬಿದ್ದ ರಾಶಿಯನ್ನು ಎತ್ತಿ ಸಡಿಲಿಸುತ್ತದೆ, ತುಂಬಲು ಹಗುರ. ನಡುವಿನ ತೂತುಗಳು ಸೊಟ್ಟಗೆ ಕೊರೆದಿದ್ದರೆ ಬಾವಿ ತೆರೆಯುವುದಿಲ್ಲ; ಮದ್ದೆಲ್ಲ ಖರ್ಚಾಗಿ ಮುಖದಲ್ಲಿ ಮೊಳದುದ್ದದ ಮೊಂಡು ತೂತುಗಳು ಉಳಿಯುತ್ತವೆ. ಆ ಮೊಂಡು ತೂತಿನಲ್ಲಿ ಸಿಡಿಯದ ಮದ್ದು ಇರಬಹುದು. ಅದರೊಳಗೆ ಮತ್ತೆ ಡ್ರಿಲ್ ಇಟ್ಟರೆ ಮುಗಿಯಿತು. ಕನಿಷ್ಠ 30 ಸೆಂಟಿಮೀಟರ್ ದೂರದಲ್ಲಿ, ಅದಕ್ಕೆ ಸಮಾನಾಂತರವಾಗಿ, ಹೊಸ ತೂತು ಕೊರೆದು ಸಿಡಿಸಬೇಕು. ಬತ್ತಿ ಹಚ್ಚುತ್ತಿದ್ದ ಕಾಲದಲ್ಲಿ ಬ್ಲಾಸ್ಟರ್ ದೂರ ನಿಂತು ಸದ್ದು ಎಣಿಸುತ್ತಿದ್ದ. ಹಚ್ಚಿದ್ದು ಇಪ್ಪತ್ತೆಂಟು, ಕೇಳಿದ್ದು ಇಪ್ಪತ್ತೇಳು ಅಂದರೆ ಅರ್ಧ ಗಂಟೆ ಯಾರೂ ಆ ಕಡೆ ಹೆಜ್ಜೆ ಇಡುವಂತಿಲ್ಲ.

ಇಷ್ಟೆಲ್ಲ ಮಾಡಿ ಒಂದೂವರೆ ಮೀಟರ್ ಮುಂದೆ ಹೋದರೆ ಬೀಳುವ ಕಲ್ಲು ಸುಮಾರು 25 ಟನ್. ಪೂರ್ತಿ ಅದಿರೇ ಆಗಿದ್ದರೆ ಅದರಲ್ಲಿ ಏಳೂವರೆ ತೊಲ. ಆದರೆ ಪೂರ್ತಿ ಅದಿರಾಗಿರುವುದು ಅಪರೂಪ. ಗಣಿಗಳ ನಷ್ಟ ಬಹುಪಾಲು ಹುಟ್ಟುವುದು ಇಲ್ಲಿಯೇ. ಅದಿರಿನ ಪಟ್ಟಿ ಒಂದೂವರೆ ಮೀಟರ್ ಅಗಲ, ಟನ್ನಿಗೆ 5 ಗ್ರಾಂ ಎಂದಿಟ್ಟುಕೊಳ್ಳಿ. ಬ್ಲಾಸ್ಟಿನಲ್ಲಿ ಎರಡೂ ಬದಿಗೆ ಅರ್ಧರ್ಧ ಮೀಟರ್ ಹುಸಿಕಲ್ಲು ಸೇರಿ ಎರಡೂವರೆ ಮೀಟರ್ ಒಡೆಯಿತು. 5 ಗ್ರಾಮಿನ ಅದಿರು 3 ಗ್ರಾಮಿನದಾಯಿತು. ಬಂಗಾರ ಒಂದು ಚೂರೂ ಹೆಚ್ಚಲಿಲ್ಲ. ಎತ್ತುವ, ಅರೆಯುವ, ಚೆಲ್ಲುವ ಕಲ್ಲು ಮಾತ್ರ ಮೂರರಲ್ಲಿ ಎರಡು ಪಾಲು ಏರಿತು. ಹುಸಿಕಲ್ಲಿಗೆ ಕಟ್ಟಿಗೆ ಸುಡದ ಸಾತವಾಹನ ಕಾಲದವರ ಜಿಪುಣತನದ ಬೆಲೆ ಈಗ ತಿಳಿಯುತ್ತದೆ. ದೊಡ್ಡ ಯಂತ್ರ ಇಳಿಸಿ ದೂರದಿಂದ ಉದ್ದ ತೂತು ಕೊರೆಯುವ ಪದ್ಧತಿ ಜನರಿಗೆ ಸುರಕ್ಷಿತ, ವೇಗವೂ ಹೌದು. ಆದರೆ ಯಂತ್ರ ತೂರಲು ಅಗಲ ಬೇಕು, ಉದ್ದ ತೂತು ಸ್ವಲ್ಪ ವಾಲಿದರೂ ಹುಸಿಕಲ್ಲು ಬೆರೆಯುತ್ತದೆ. ಸುರಕ್ಷತೆಗೆ ಕೊಡುವ ಈ ಬೆಲೆ ನ್ಯಾಯವಾದದ್ದೇ. ಆದರೆ ಗ್ರಾಂ ಕಮ್ಮಿಯಾಯಿತೆಂದು ಆಮೇಲೆ ಕೆಲಸಗಾರನನ್ನು ದೂರುವುದು ನ್ಯಾಯವಲ್ಲ.

ಮೇಲೆ ಬಂದ ಕಲ್ಲು ‘ಲೋಹ ವಿಭಾಗ’ಕ್ಕೆ. ದವಡೆ ಕ್ರಷರ್, ಕೋನ್ ಕ್ರಷರ್ ದಾಟಿ ಬಾಲ್ ಮಿಲ್ಲಿನಲ್ಲಿ ಉಕ್ಕಿನ ಗುಂಡುಗಳ ನಡುವೆ ನೀರಿನೊಡನೆ ಅರೆದು, ಹೆಚ್ಚಿನ ಪಾಲು 75 ಮೈಕ್ರಾನಿಗಿಂತ ಸಣ್ಣಗಾಗಬೇಕು. ಸ್ವಲ್ಪ ದಪ್ಪ ಉಳಿದರೆ ಬಂಗಾರ ಕಲ್ಲಿನೊಳಗೇ ಉಳಿದು ದಿಬ್ಬಕ್ಕೆ ಹೋಗುತ್ತದೆ. ಅತಿ ಸಣ್ಣಗಾದರೆ ಕರೆಂಟು ದಂಡ, ಕೆಸರು ಅಂಟಂಟಾಗಿ ಮುಂದಿನ ಕೆಲಸ ಕೆಡುತ್ತದೆ. ಬಿಡಿಯಾದ ದಪ್ಪ ಕಣಗಳನ್ನು ಮೊದಲೇ ತೂಕದ ಮೇಲೆ, ಹಳೆಯ ಮರಿಗೆಯ ತತ್ವದಲ್ಲೇ, ಹಿಡಿಯುತ್ತಾರೆ. ಉಳಿದದ್ದಕ್ಕೆ ಸೈನೈಡ್.

ಸೈನೈಡ್ ಅಂದರೆ ಜನ ಹೆದರುತ್ತಾರೆ, ಹೆದರಬೇಕಾದದ್ದೇ. ಆದರೆ ಕೆಸರಿನಲ್ಲಿ ಅದು ಇರುವುದು ಸಾವಿರ ಲೀಟರಿಗೆ ಅರ್ಧ ಕಿಲೋ, ಅದಕ್ಕೂ ಕಮ್ಮಿ. ಸೈನೈಡಿಗಿಂತ ಮೊದಲು ಹಾಕಬೇಕಾದದ್ದು ಸುಣ್ಣ. ಪಿಎಚ್ (ಆಮ್ಲ-ಕ್ಷಾರದ ಅಳತೆ) ಹತ್ತೂವರೆಯ ಮೇಲಿರಬೇಕು. ಇಳಿದರೆ ಸೈನೈಡ್ ವಿಷಾನಿಲವಾಗಿ ತೊಟ್ಟಿಯಿಂದ ಏಳುತ್ತದೆ: ಜೀವಕ್ಕೂ ಅಪಾಯ, ದುಡ್ಡಿಗೂ ನಷ್ಟ. ಜೊತೆಗೆ ಗಾಳಿ ಊದುತ್ತಿರಬೇಕು. ಆಮ್ಲಜನಕ ಇಲ್ಲದೆ ಸೈನೈಡ್ ಬಂಗಾರವನ್ನು ಕರಗಿಸುವುದಿಲ್ಲ. ಗಂಧಕದ ಖನಿಜಗಳು ಸೈನೈಡನ್ನೂ ಆಮ್ಲಜನಕವನ್ನೂ ತಿಂದುಹಾಕುವುದರಿಂದ ಒಂದು ರೀಫಿನ ಅದಿರಿಗೆ ಸಾಕಾದದ್ದು ಇನ್ನೊಂದಕ್ಕೆ ಸಾಲುವುದಿಲ್ಲ. ಕರಗಿದ ಬಂಗಾರವನ್ನು ಹಿಡಿಯುವುದು ತೆಂಗಿನ ಚಿಪ್ಪಿನ ಇದ್ದಿಲು. ಕೆಸರು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಮುಂದೆ ಹರಿದರೆ ಇದ್ದಿಲು ಹಿಂದಕ್ಕೆ ಬರುತ್ತದೆ. ಹೊಸ ಇದ್ದಿಲಿಗೆ ಕೊನೆಯ ಬಡ ಕೆಸರು ಸಿಗುತ್ತದೆ, ತುಂಬಿದ ಇದ್ದಿಲು ಮೊದಲ ತೊಟ್ಟಿಯಿಂದ ಹೊರಬರುತ್ತದೆ. ಕಲ್ಲಿನಲ್ಲಿ ಟನ್ನಿಗೆ ಮೂರು ಗ್ರಾಂ ಇದ್ದದ್ದು ಇದ್ದಿಲಿನಲ್ಲಿ ಟನ್ನಿಗೆ ಸಾವಿರಾರು ಗ್ರಾಂ ಆಗುತ್ತದೆ. ಇಲ್ಲಿಯ ಕಳ್ಳ ಯಾರೆಂದರೆ ಪುಡಿ ಇದ್ದಿಲು. ಕಲಕಿ ಕಲಕಿ ಸವೆದ ಇದ್ದಿಲಿನ ಚೂರು ಜಾಲರಿಯಲ್ಲಿ ತೂರಿ, ತನ್ನ ಬಂಗಾರದ ಸಮೇತ ತ್ಯಾಜ್ಯಕ್ಕೆ ಹೋಗುತ್ತದೆ. ಮುಂದಿನದು ಚಿಕ್ಕ ಕೆಲಸ: ಬಿಸಿ ಕಾಸ್ಟಿಕ್ ದ್ರವದಲ್ಲಿ ಇದ್ದಿಲು ತೊಳೆದು, ವಿದ್ಯುತ್ತಿನಿಂದ ಉಕ್ಕಿನ ಉಣ್ಣೆಯ ಮೇಲೆ ಬಂಗಾರ ಕೂರಿಸಿ, ಬೋರಾಕ್ಸ್ ಹಾಕಿ ಕರಗಿಸಿ, ಅಚ್ಚಿಗೆ ಹೊಯ್ಯುವುದು. ಬಂಗಾರ ಮನುಷ್ಯರ ಕಣ್ಣಿಗೆ ಕಾಣುವುದು ಈ ಒಂದೇ ಕೋಣೆಯಲ್ಲಿ, ಕೆಲವೇ ಜನರಿಗೆ, ಕಾವಲಿನ ನಡುವೆ.

ತ್ಯಾಜ್ಯದ ದಿಬ್ಬದ ಬಗ್ಗೆ ಒಂದು ಮಾತು. ಬೇಸಿಗೆಯ ಗಾಳಿಗೆ ಒಣ ಪುಡಿ ಏಳುತ್ತದೆ. ಮೇಲೆ ನೀರು ಚಿಮುಕಿಸುವುದು, ಹಸಿರು ಹಿಡಿಸುವುದು ನಿಲ್ಲದ ಕೆಲಸ. ಸೈನೈಡ್ ಬಿಸಿಲಿಗೆ ಒಡೆದುಹೋಗುತ್ತದೆ, ಆರ್ಸೆನಿಕ್ ಒಡೆಯುವುದಿಲ್ಲ. ಅದು ಅದಿರಿನ ಜೊತೆ ಹುಟ್ಟಿದ್ದು. ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮಕ್ಕೆ ರೋಗ ಬಂದದ್ದು ಸುದ್ದಿಯಾಗಿತ್ತು. ಅದೂ ಹಳೆಯ ಚಿನ್ನದ ಕಲ್ಲಿನ ಪಟ್ಟಿಯೇ. ಇಂಥ ಕಲ್ಲಿನ ಮೇಲಿರುವ ಯಾವ ಊರಲ್ಲೂ ಹೊಸ ಕೊಳವೆಬಾವಿ ಕೊರೆದಾಗ ಫ್ಲೋರೈಡ್ ಜೊತೆಗೆ ಆರ್ಸೆನಿಕ್ ಪರೀಕ್ಷೆಯನ್ನೂ ಕೇಳಬೇಕು.

ಈಗ ಜನ. ದಶಕಗಳ ಕಾಲ ಜಾರಿಯಲ್ಲಿದ್ದ ಗಣಿ ಕಾಯ್ದೆ 1952ರ ಪ್ರಕಾರ ಭೂಕೆಳಮೈಯಲ್ಲಿ ದಿನಕ್ಕೆ 8 ಗಂಟೆ ಮೀರುವಂತಿರಲಿಲ್ಲ, 18 ತುಂಬದವರು ಇಳಿಯುವಂತಿರಲಿಲ್ಲ. ಮೂರು ಪಾಳಿ. ಮನೆಯ ಅಡುಗೆ, ಮಕ್ಕಳ ನಿದ್ದೆ, ಜಾತ್ರೆಗೆ ಹೋಗುವ ದಿನ ಎಲ್ಲ ಈ ವಾರ ಯಾವ ಪಾಳಿ ಎನ್ನುವುದರ ಮೇಲೆ. ಮೂರು ಪಾಳಿಯವರು ಮೂವರಿದ್ದ ಕೂಡುಕುಟುಂಬದಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲುವ ಹೊತ್ತೇ ಇಲ್ಲ. ಹೆಂಗಸರನ್ನು ಭೂಕೆಳಮೈಗೆ ಇಳಿಸಬಾರದೆಂದು ಅದೇ ಕಾಯ್ದೆ ಹೇಳಿತ್ತು. 2019ರಲ್ಲಿ ತಾಂತ್ರಿಕ, ಮೇಲ್ವಿಚಾರಣೆಯ ಹುದ್ದೆಗಳಿಗೆ ಆ ತಡೆ ಸಡಿಲವಾಯಿತು. ಅಷ್ಟು ದಶಕ ಹೊಲದ ಭಾರ ಹೊತ್ತವರು ಹೆಂಗಸರು. ಗಂಡ ರಾತ್ರಿ ಪಾಳಿ ಮುಗಿಸಿ ಮಲಗಿರುವಾಗ ತೊಗರಿಗೆ ಔಷಧ ಹೊಡೆಸಬೇಕೋ ಬೇಡವೋ ತೀರ್ಮಾನಿಸುತ್ತಿದ್ದುದು ಅವರೇ.

ಊರಿಗೆ ಎರಡು ಮುಖ: ಹಳೆಯ ಹಟ್ಟಿ, ಮತ್ತು ಕ್ಯಾಂಪ್. ಕ್ಯಾಂಪಿನಲ್ಲಿ ಕಂಪನಿಯ ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ. ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ, ನಾಲ್ಕೂ ಒಂದೇ ಚಹಾದಂಗಡಿಯಲ್ಲಿ. ಆದರೆ ಕೆಲಸದ ಮಾತು ಐದನೆಯದು: ಸ್ಟೋಪ್, ಲೆವೆಲ್, ಮಕ್, ಟ್ರಾಮಿಂಗ್. ಬ್ರಿಟಿಷ್ ಕಂಪನಿ ಹೋದರೂ ಅದರ ಶಬ್ದಗಳು ಹೋಗಲಿಲ್ಲ. ಸಂಘಗಳದ್ದೂ ದೊಡ್ಡ ಪಾತ್ರ. ಕಾರ್ಮಿಕ ಸಂಘದ ಚುನಾವಣೆ ಗುಪ್ತ ಮತದಾನದಲ್ಲಿ ನಡೆಯುತ್ತದೆ. ಎಐಟಿಯುಸಿ, ಸಿಐಟಿಯು, ಟಿಯುಸಿಐ ಬಾವುಟಗಳು ಹಾರುವ ಆ ದಿನಗಳಲ್ಲಿ ವಿಧಾನಸಭೆ ಚುನಾವಣೆಯೂ ಸಪ್ಪೆ ಎನಿಸಬೇಕು. ವಾದ ನಡೆಯುವುದು ಹೆಚ್ಚಾಗಿ ಬಂಗಾರದ ಬೆಲೆಯ ಮೇಲಲ್ಲ. ಬೋನಸ್ಸು, ಪಾಳಿ ಭತ್ಯೆ, ಗುತ್ತಿಗೆಯವರ ಕೂಲಿ, ಮತ್ತು ‘ಅನ್‌ಫಿಟ್’ ಎಂಬ ಒಂದು ಪದದ ಮೇಲೆ. ಕೆಲಸಗಾರರಿಗೆ ನಿಯಮದಂತೆ ಕಾಲಕಾಲಕ್ಕೆ ವೈದ್ಯಕೀಯ ಪರೀಕ್ಷೆ. ಅದರಲ್ಲಿ ಅನ್‌ಫಿಟ್ ಎಂದರೆ ಭೂಕೆಳಮೈ ಕೆಲಸ ಹೋಯಿತು. ಆ ಮನೆಯ ಮಗನಿಗೆ ನೌಕರಿ ಕೊಡಬೇಕು ಎನ್ನುವುದು ಇಲ್ಲಿಯ ಹಳೆಯ ಬೇಡಿಕೆ. ಹೊರಗಿನವರಿಗೆ ಇದು ಆನುವಂಶಿಕ ನೌಕರಿಯ ಆಸೆಯಂತೆ ಕಾಣಬಹುದು. ಎದೆಯಲ್ಲಿ ಧೂಳು ಕೂತ ಮನೆಗೆ ಅದು ಬಾಕಿ ಹಣದಂತೆ ಕಾಣುತ್ತದೆ. ನಮಗೆ ಎರಡನೆಯದೇ ಸರಿ ಅನಿಸುತ್ತದೆ.

ಕ್ವಾರ್ಟರ್ಸಿನ ಬಾಳು ನಿವೃತ್ತಿಯವರೆಗೆ ಮಾತ್ರ. ಆಮೇಲೆ ಕೆಲವರು ತಮ್ಮ ಹಳ್ಳಿಗೆ, ಕೆಲವರು ಲಿಂಗಸುಗೂರಿಗೆ. ಕಪ್ಪುಹಸಿರು ಕಲ್ಲಿನ ಒಂದು ತುಂಡು ಮಾತ್ರ ಎಷ್ಟೋ ಮನೆಗಳ ಶೋಕೇಸಿನಲ್ಲಿ ಗಡಿಯಾರದ ಪಕ್ಕ ಇರುತ್ತದೆ. ಅದರಲ್ಲಿ ಬಂಗಾರ ಇದ್ದರೂ ಮಿಲಿಗ್ರಾಂ ಲೆಕ್ಕ.

ಕೊನೆಗೆ ಟೋಕನ್ನಿನ ಮಾತು, ಆಗಲೇ ಅರ್ಧಕ್ಕೆ ಬಿಟ್ಟಿದ್ದೆವು. ಅಂಗೈಯೊಳಗೆ ಅಡಗುವ ಲೋಹದ ಬಿಲ್ಲೆ, ಅದರ ಮೇಲೊಂದು ನಂಬರ್. ಇಳಿಯುವಾಗ ತೆಗೆದುಕೊಳ್ಳಬೇಕು, ಮೇಲೆ ಬಂದು ತಾನೇ ಕೊಡಬೇಕು. ಗೆಳೆಯನ ಕೈಯಲ್ಲಿ ಕಳಿಸುವುದು ಈ ಊರಿನಲ್ಲಿ ದೊಡ್ಡ ತಪ್ಪು. ಪಾಳಿ ಬದಲಾಗುವ ಹೊತ್ತಿಗೆ ಟೋಕನ್ ತೂಗುಹಾಕುವ ಹಲಗೆಯ ಮೊಳೆಗಳೆಲ್ಲ ತುಂಬಬೇಕು. ಒಂದು ಮೊಳೆ ಖಾಲಿ ಉಳಿದರೆ ಮೊದಲು ಲ್ಯಾಂಪ್ ರೂಮಿನಲ್ಲಿ ಅದೇ ನಂಬರಿನ ದೀಪ ವಾಪಸು ಬಂದಿದೆಯೇ ನೋಡುತ್ತಾರೆ. ದೀಪವೂ ಇಲ್ಲದಿದ್ದರೆ ಅವನನ್ನು ಹಾಕಿದ್ದ ಲೆವೆಲಿಗೆ ಫೋನ್. ಫೋನ್ ಎತ್ತದಿದ್ದರೆ ಆ ಭಾಗದ ಬ್ಲಾಸ್ಟಿಂಗ್ ನಿಲ್ಲಿಸಿ, ಮೇಟ್ (ಗುಂಪಿನ ಮೇಲ್ವಿಚಾರಕ) ಒಬ್ಬ ಇನ್ನಿಬ್ಬರನ್ನು ಕರೆದುಕೊಂಡು ಮತ್ತೆ ಕೇಜಿನ ಬಳಿಗೆ ಬರುತ್ತಾನೆ, ಮೂರು ಗಂಟೆ ಹೊಡೆಯುತ್ತಾನೆ, ಮೂರು ಮರುಗಂಟೆ ಬರುವವರೆಗೆ ನಿಲ್ಲುತ್ತಾನೆ, ಹತ್ತಿ ಎರಡು ಹೊಡೆಯುತ್ತಾನೆ.